ನರವೆಂಬ ತಪ್ಪು ಹೆಸರು

ಹಲ್ಲುನೋವಿನ ಮಾತು ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯಲ್ಲಿ ಬರಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುಂದೆ ಬರಲಿ, ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಬರಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ವಾಕ್ಯಕ್ಕೆ: ‘ನರಕ್ಕೆ ಇಳಿದುಬಿಟ್ಟಿದೆ.’ ಈ ವಾಕ್ಯ ಬಂತೆಂದರೆ ವಿಚಾರಣೆ ಮುಗಿದಂತೆ. ಕೈಯಲ್ಲಿ ಕಾಸಿದ್ದವರು ನರ ಸಾಯಿಸಿ ಕ್ಯಾಪ್ ಹಾಕಿಸಿಕೊಳ್ಳುತ್ತಾರೆ. ಇಲ್ಲದವರು ಕೀಳಿಸಿಕೊಳ್ಳುತ್ತಾರೆ. ಎರಡಕ್ಕೂ ಹೆದರಿದವರು ಲವಂಗ ಕಚ್ಚಿಕೊಂಡು, ನೋವು ತಾನಾಗಿ ನಿಲ್ಲುವ ದಿನ ಕಾಯುತ್ತಾರೆ. ಮೂವರೂ ಬೇರೆಬೇರೆ ದಾರಿ ಹಿಡಿದಂತೆ ಕಂಡರೂ ಮೂವರ ಮನಸ್ಸಿನಲ್ಲಿರುವ ಚಿತ್ರ ಒಂದೇ: ಹಲ್ಲೆಂದರೆ ಕಲ್ಲಿನಂಥ ಗಟ್ಟಿ ವಸ್ತು, ಅದರೊಳಗೊಂದು ನರದ ಎಳೆ, ಆ ಎಳೆಗೆ ನೋಯುವುದೊಂದೇ ಕೆಲಸ. ಈ ಚಿತ್ರ ತಪ್ಪು. ಉಳಿಯಬಹುದಾಗಿದ್ದ ಎಷ್ಟೋ ಹಲ್ಲುಗಳು ಹೋಗುತ್ತಿರುವುದಕ್ಕೆ ಹುಳುಕಿನ ಜೊತೆಗೆ ಈ ಚಿತ್ರವೂ ಕಾರಣ ಎಂಬುದು ನನ್ನ ವಾದ.

ಮೊದಲು ಆ ನಂಬಿಕೆಗೆ ನ್ಯಾಯ ಸಲ್ಲಿಸಬೇಕು. ಅದನ್ನು ಮೂಢತನವೆಂದು ತಳ್ಳಿಹಾಕುವಂತಿಲ್ಲ, ಅದರ ಹಿಂದೆ ಅನುಭವವಿದೆ. ಕಿತ್ತ ಹಲ್ಲು ಮತ್ತೆ ನೋಯುವುದಿಲ್ಲ. ಇದನ್ನು ಊರಿನಲ್ಲಿ ಪ್ರತಿಯೊಬ್ಬರೂ ಕಣ್ಣಾರೆ ಕಂಡಿದ್ದಾರೆ. ಉಳಿಸಲು ಹೋದ ಹಲ್ಲು ಮೂರು ಸಲ ಪೇಟೆಗೆ ಅಲೆಸಿ, ಸಾವಿರಾರು ರೂಪಾಯಿ ನುಂಗಿ, ಆಮೇಲೂ ಬಾತುಕೊಂಡದ್ದನ್ನೂ ಕೆಲವರು ಕಂಡಿದ್ದಾರೆ. ಶೇಂಗಾ ಕೀಳುವ ದಿನಗಳಲ್ಲಿ ಒಂದು ದಿನದ ಕೂಲಿ ಬಿಡುವುದು ಸಣ್ಣ ಮಾತಲ್ಲ. ಕುರಿ ಹಿಂಡಿನ ಹಿಂದೆ ಊರು ಬಿಟ್ಟು ಹೋದವರಿಗೆ ಮುಂದಿನ ವಾರ ಬನ್ನಿ ಎಂದರೆ ಅದು ಆಗದ ಮಾತು. ಇನ್ನೊಂದು ವಿಷಯವೂ ಇದೆ. ಹಲ್ಲನ್ನು ನೋಡಿ ತಿಳಿಯುವ ಜಾಣ್ಮೆ ಈ ಸೀಮೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಅಮೃತಮಹಲ್ ಹೋರಿಯ ತುಟಿ ಎತ್ತಿ ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಒಂದು ನೋಟಕ್ಕೆ ಹೇಳಬಲ್ಲವರು ಇಲ್ಲಿದ್ದಾರೆ. ಆದರೆ ಆ ಅರಿವು ಹಲ್ಲಿನ ಹೊರಮೈಗೆ ಸಂಬಂಧಿಸಿದ್ದು. ಹುಟ್ಟುವುದು, ಸವೆಯುವುದು, ಉದುರುವುದು ಅದಕ್ಕೆ ಗೊತ್ತು. ಒಳಗೆ ಏನಿದೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ಏಕೆಂದರೆ ಎತ್ತಿನ ವಯಸ್ಸು ತಿಳಿಯಲು ಅದರ ಅಗತ್ಯವಿಲ್ಲ. ಹೀಗೆ ಒಳಗಿನ ವಿಚಾರ ಖಾಲಿ ಉಳಿದ ಜಾಗದಲ್ಲಿ ‘ನರ’ ಎಂಬ ಪದ ಬಂದು ಕೂತಿದೆ. ಅದರ ಜೊತೆಗೆ ಮೂರು ತೀರ್ಮಾನಗಳು ಬಂದಿವೆ. ಒಂದೊಂದಾಗಿ ಪರೀಕ್ಷಿಸಲು ಬೇರೆಬೇರೆಯಾಗಿ ಬರೆಯುತ್ತೇನೆ:

1. ಹಲ್ಲಿನೊಳಗಿರುವುದು ನೋವಿನ ಎಳೆ. ಅದು ಹೋದರೆ ನಷ್ಟವೇನಿಲ್ಲ.

2. ನೋವಿದ್ದರೆ ರೋಗ, ನೋವಿಲ್ಲದಿದ್ದರೆ ಆರೋಗ್ಯ.

3. ಹುಳುಕು ಒಮ್ಮೆ ಒಳಗೆ ಮುಟ್ಟಿತೆಂದರೆ ಅಲ್ಲಿಗೆ ಮುಗಿಯಿತು. ಒಳಭಾಗ ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಮೊದಲನೆಯದನ್ನು ನೋಡೋಣ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನ ಕೆಳಗೆ ಡೆಂಟಿನ್ ಎಂಬ ಪದರವಿದೆ, ಡೆಂಟಿನ್ನಿನ ನಡುವಿನ ಪೊಳ್ಳಿನಲ್ಲಿ ಮೆತ್ತಗಿನ ಒಂದು ಪದಾರ್ಥವಿದೆ. ಇದಕ್ಕೆ ಕನ್ನಡದಲ್ಲಿ ‘ತಿರುಳು’ ಎಂಬ ಒಳ್ಳೆಯ ಪದವಿದೆ, ಪುಸ್ತಕಗಳು ‘ದಂತಮಜ್ಜೆ’ ಎನ್ನುತ್ತವೆ. ಗಾತ್ರದಲ್ಲಿ ಬಹಳ ಸಣ್ಣದು. ಸರಾಸರಿ ಒಂದು ಹಲ್ಲಿಗೆ 0.02 ಮಿಲಿಲೀಟರ್, ಅಂದರೆ ಒಂದು ಹನಿ ನೀರಿನ ಅರ್ಧಕ್ಕಿಂತ ಕಡಿಮೆ. 32 ಹಲ್ಲುಗಳ ತಿರುಳನ್ನು ಒಟ್ಟು ಸೇರಿಸಿದರೂ ಒಂದು ಚಿಕ್ಕ ಚಮಚ ತುಂಬುವುದಿಲ್ಲ. ಆ ಅರ್ಧ ಹನಿಯಲ್ಲಿ ನರವಿದೆ, ನಿಜ. ಜೊತೆಗೆ ರಕ್ತನಾಳಗಳಿವೆ, ರೋಗದ ವಿರುದ್ಧ ಹೋರಾಡುವ ಕೋಶಗಳಿವೆ. ಹೊರ ಅಂಚಿನುದ್ದಕ್ಕೂ ಒತ್ತಾಗಿ ಸಾಲುಗಟ್ಟಿ ನಿಂತ ಇನ್ನೊಂದು ಬಗೆಯ ಕೋಶಗಳಿವೆ, ಡೆಂಟಿನ್ ಕಟ್ಟುವುದೇ ಅವುಗಳ ಕೆಲಸ. ಹಲ್ಲು ಬಾಯಿಗೆ ಬಂದ ಮೇಲೂ ಈ ಕೋಶಗಳು ಸುಮ್ಮನೆ ಕೂರುವುದಿಲ್ಲ. ಬದುಕಿರುವಷ್ಟು ಕಾಲ ನಿಧಾನವಾಗಿ ಒಳಗಿನಿಂದ ಗೋಡೆ ಕಟ್ಟುತ್ತಲೇ ಇರುತ್ತವೆ. ವಯಸ್ಸಾದವರ ಹಲ್ಲಿನ ಎಕ್ಸ್‌ರೇಯಲ್ಲಿ ತಿರುಳಿನ ಕೋಣೆ ಕಿರಿದಾಗಿ ಕಾಣುವುದು ಇದರಿಂದ. ಹುಳುಕು ಹೊರಗಿನಿಂದ ಕೊರೆಯುತ್ತ ಬಂದಾಗ ಆ ದಿಕ್ಕಿನ ಕೋಶಗಳು ತಮ್ಮ ಮುಂದೆ ಹೆಚ್ಚುವರಿ ಡೆಂಟಿನ್ನಿನ ಪದರ ಹಾಕುತ್ತವೆ. ಆ ಕೋಶಗಳೇ ಸತ್ತರೆ ತಿರುಳಿನಲ್ಲಿರುವ ಕಾಂಡಕೋಶಗಳು ಅವುಗಳ ಜಾಗಕ್ಕೆ ಬಂದು ಕೆಲಸ ಮುಂದುವರಿಸಬಲ್ಲವು. ಈ ಕಾಂಡಕೋಶಗಳನ್ನು 2000ದಲ್ಲಿ ಬೇರ್ಪಡಿಸಿ ತೋರಿಸಲಾಯಿತು. ಹಾಗಾದರೆ ತಿರುಳು ಎಂದರೆ ಹಲ್ಲಿನ ಗೌಂಡಿಯೂ ಹೌದು, ಕಾವಲುಗಾರನೂ ಹೌದು. ನೋವು ಆ ಕಾವಲಿನ ಒಂದು ಕೂಗು ಮಾತ್ರ. ಕೂಗುವವನನ್ನು ಹೊರಹಾಕಿದರೆ ಮನೆ ನಿಶ್ಶಬ್ದವಾಗುತ್ತದೆ, ಆದರೆ ಗೋಡೆ ಕಟ್ಟುವ ಕೈಯೂ ಅವನ ಜೊತೆಗೇ ಹೋಯಿತು. ಕಲ್ಲೋ ಗಟ್ಟಿ ಕಾಳೋ ಅಗಿತಕ್ಕೆ ಸಿಕ್ಕಾಗ ಹೆಚ್ಚು ಬಲ ಬಿತ್ತೆಂದು ತಡೆಯುವ ಅರಿವೂ ತಿರುಳಿಲ್ಲದ ಹಲ್ಲಿನಲ್ಲಿ ಮಂದವಾಗುತ್ತದೆ.

ಹೆಸರಿನ ವಿಚಾರದಲ್ಲಿ ನಾನು ಇಷ್ಟು ಹಟ ಮಾಡಲು ಕಾರಣ ಈ ನೆಲದಲ್ಲೇ ಇದೆ. ಅಮೃತಮಹಲ್ ಕಾವಲುಗಳು ಮೈಸೂರಿನ ಅರಸರ ಕಾಲದಿಂದ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಬೇಸಿಗೆಯಲ್ಲಿ ನೋಡಿದವರಿಗೆ ಅಲ್ಲಿ ಒಣಹುಲ್ಲು, ಕುರುಚಲು, ಕೆಮ್ಮಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ. ಮರವಿಲ್ಲದ್ದಕ್ಕೆ ‘ಪಾಳು’ ಎಂದು ಕರೆಯುವುದು ಸುಲಭ, ಪಾಳು ಎಂದು ಕರೆದ ಮೇಲೆ ಯಾರಿಗಾದರೂ ಕೊಡುವುದೂ ಸುಲಭ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ಹೀಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ, ಅದು ಪಾಳಲ್ಲ, ಕುರಿ-ದನಗಳ ಬದುಕು, ಕೃಷ್ಣಮೃಗಗಳ ಬದುಕು ಎಂದು ಹೇಳಲು ಜನ ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಆ ಸಂಸ್ಥೆಗಳು ಬೇಕೋ ಬೇಡವೋ ಎಂಬುದು ಇಲ್ಲಿಯ ಚರ್ಚೆಯಲ್ಲ. ಒಂದು ಜೀವಂತ ವಸ್ತುವನ್ನು ಅದರ ಒಂದೇ ಲಕ್ಷಣದ ಹೆಸರಿನಿಂದ ಕರೆದರೆ ಉಳಿದ ಲಕ್ಷಣಗಳು ಲೆಕ್ಕಕ್ಕೆ ಬರುವುದೇ ಇಲ್ಲ ಎಂಬುದಷ್ಟೇ ನನ್ನ ಮಾತು. ತಿರುಳನ್ನು ನರ ಎಂದಾಗಲೂ ಆಗಿರುವುದು ಇದೇ.

ಎರಡನೆಯ ತೀರ್ಮಾನ ಹೆಚ್ಚು ಅಪಾಯದ್ದು, ಏಕೆಂದರೆ ಅದು ಅರ್ಧ ನಿಜ. ಡೆಂಟಿನ್ನಿನ ತುಂಬ ಕಣ್ಣಿಗೆ ಕಾಣದ ಕೊಳವೆಗಳಿವೆ. ತಿರುಳಿನ ಸಮೀಪದಲ್ಲಿ ಒಂದು ಚದರ ಮಿಲಿಮೀಟರ್ ಜಾಗದಲ್ಲಿ 45,000ಕ್ಕಿಂತ ಹೆಚ್ಚು, ಹೊರಗೆ ಎನಾಮಲ್ಲಿನ ಹತ್ತಿರ ಸುಮಾರು 20,000. ಕೊಳವೆಗಳೊಳಗೆ ದ್ರವವಿದೆ. ಎನಾಮಲ್ ಒಡೆದೋ ಸವೆದೋ ಈ ಕೊಳವೆಗಳ ಬಾಯಿ ತೆರೆದುಕೊಂಡರೆ ತಣ್ಣೀರು, ಗಾಳಿ, ಸಿಹಿ ತಾಕಿದಾಗ ಒಳಗಿನ ದ್ರವ ಸರಿದು ನರದ ತುದಿಗೆ ಮುಟ್ಟುತ್ತದೆ, ಹಲ್ಲು ‘ಜುಮ್’ ಎನ್ನುತ್ತದೆ. ಕೆಲವು ಸೆಕೆಂಡಿನಲ್ಲಿ ಹೋಗುವ ಈ ಜುಮ್ಮು ತಿರುಳು ಬದುಕಿದೆ, ಬಹುಮಟ್ಟಿಗೆ ಚೆನ್ನಾಗಿಯೇ ಇದೆ ಎಂಬುದಕ್ಕೆ ಸಾಕ್ಷಿ. ನೀರು ನುಂಗಿದ ಮೇಲೂ ಬಹಳ ಹೊತ್ತು ಉಳಿಯುವ, ಏನೂ ತಾಕದೆ ತಾನಾಗಿ ಏಳುವ, ರಾತ್ರಿ ಮಲಗಿದರೆ ಜೋರಾಗುವ ನೋವು ಉರಿಯೂತ ಆಳಕ್ಕೆ ಹೋಗಿದೆ ಎಂಬುದರ ಗುರುತು. ಇಲ್ಲಿಯವರೆಗೆ ನೋವು ನಂಬಿಕಸ್ಥ ಸಾಕ್ಷಿ. ಮುಂದಿನ ಹಂತದಲ್ಲಿ ಅದು ತಿರುಗಿಬೀಳುತ್ತದೆ. ಉರಿಯೂತ ತಡೆಯಲಾರದೆ ತಿರುಳು ಸತ್ತರೆ ಅದರೊಳಗಿನ ನರವೂ ಸಾಯುತ್ತದೆ, ನೋವು ನಿಲ್ಲುತ್ತದೆ. ವಾರಗಟ್ಟಲೆ ನಿದ್ದೆಗೆಟ್ಟವರಿಗೆ ಒಂದು ಬೆಳಿಗ್ಗೆ ಏನೂ ಇಲ್ಲದಂತೆ ಹಗುರವಾಗುವುದು ಹೀಗೆಯೇ, ಅದನ್ನು ವಾಸಿಯಾಯಿತು ಎಂದು ತಿಳಿಯುವುದೂ ಸಹಜವೇ. ಅಸಲಿಗೆ ಸತ್ತ ತಿರುಳಿನ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡಿ ಬೇರಿನ ತುದಿಯಿಂದ ದವಡೆ ಮೂಳೆಯನ್ನು ಕರಗಿಸತೊಡಗಿವೆ. ತಿಂಗಳುಗಳ ಅಥವಾ ವರ್ಷಗಳ ಮೇಲೆ ಕೆನ್ನೆ ಬಾತಾಗ, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದಾಗ, ಅದು ಹೊಸ ರೋಗವೆಂದು ತೋರುತ್ತದೆ.

ಮನೆಮದ್ದುಗಳ ಕೀರ್ತಿ ನಿಂತಿರುವುದೂ ಇದೇ ಗೊಂದಲದ ಮೇಲೆ. ಲವಂಗದೆಣ್ಣೆಗೆ ನೋವು ತಗ್ಗಿಸುವ ಗುಣ ನಿಜವಾಗಿಯೂ ಇದೆ, ದಂತವೈದ್ಯರ ಪೆಟ್ಟಿಗೆಯಲ್ಲೂ ಅದರ ಸಾರಕ್ಕೆ ಜಾಗವಿದೆ. ಆದರೆ ಹುಳುಕನ್ನು ನಿಲ್ಲಿಸಲು ಅದಕ್ಕಾಗುವುದಿಲ್ಲ. ಎಕ್ಕದ ಹಾಲನ್ನು ಕುಳಿಗೆ ಬಿಡುವುದು ಬೇರೆಯೇ ಮಾತು. ಆ ಹಾಲು ಜೀವಂತ ಮಾಂಸವನ್ನು ಸುಡುತ್ತದೆ, ಒಸಡು ಹುಣ್ಣಾಗುತ್ತದೆ. ಅದರಿಂದ ನೋವು ನಿಂತಿದ್ದರೆ ನಿಂತದ್ದು ತಿರುಳನ್ನು ಸುಟ್ಟು. ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ‘ಹುಳ’ ತೆಗೆದು ಕೈಗೆ ತೋರಿಸುವ ಪದ್ಧತಿಯಲ್ಲಿ ಕಾಣುವ ಬಿಳಿ ಎಳೆಗಳು ಬೀಜದೊಳಗಿನ ಮೊಳಕೆಗಳು. ಹಲ್ಲಿನಲ್ಲಿ ಹುಳವಿಲ್ಲವೆಂದು ಫ್ರಾನ್ಸಿನ ಪಿಯೆರ್ ಫೋಶಾರ್ 1728ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದ. ಇವನ್ನೆಲ್ಲ ನಂಬಿದವರನ್ನು ದೂರಿ ಫಲವಿಲ್ಲ. ನೋವೊಂದೇ ಅಳತೆಗೋಲು ಎಂದು ಒಪ್ಪಿದ ಮೇಲೆ ನೋವು ನಿಲ್ಲಿಸಿದ್ದೆಲ್ಲ ಮದ್ದೇ ಆಗುತ್ತದೆ.

ಮೂರನೆಯ ತೀರ್ಮಾನವನ್ನು ಹಳ್ಳಿಯ ಜನರಷ್ಟೇ ನಂಬಿದ್ದಲ್ಲ, ದಂತವೈದ್ಯ ಶಾಸ್ತ್ರವೂ ಬಹುಕಾಲ ಹಾಗೆಯೇ ಹೇಳುತ್ತಿತ್ತು. ಅದರ ತರ್ಕ ಹೀಗಿತ್ತು: ತಿರುಳು ಗಟ್ಟಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದೆ; ಉರಿಯೂತವಾದರೆ ಬಾಯಲು ಜಾಗವಿಲ್ಲ; ಒತ್ತಡ ಏರಿ ಬೇರಿನ ತುದಿಯ ರಕ್ತನಾಳವನ್ನೇ ಹಿಸುಕಿ ಇಡೀ ತಿರುಳು ಉಸಿರುಗಟ್ಟಿ ಸಾಯುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಬೆಕ್ಕಿನ ಹಲ್ಲುಗಳ ಒಳಗಿನ ಒತ್ತಡವನ್ನು ನಿಜಕ್ಕೂ ಅಳೆದು ನೋಡಿದಾಗ ಕಂಡದ್ದು ಬೇರೆ. ಉರಿಯೂತವಾದ ಜಾಗದಲ್ಲಿ ಮಾತ್ರ ಒತ್ತಡ ಏರಿತ್ತು, ಅಲ್ಲಿಂದ ಒಂದೆರಡು ಮಿಲಿಮೀಟರ್ ಆಚೆ ಸಹಜ ಮಟ್ಟಕ್ಕೆ ಹತ್ತಿರವಿತ್ತು. ತಿರುಳು ಒಮ್ಮೆಗೇ ಸಾಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಸ್ವಲ್ಪಸ್ವಲ್ಪವಾಗಿ ಸಾಯುತ್ತದೆ. ಹಾಗಿದ್ದರೆ ಕೆಟ್ಟ ಭಾಗ ತೆಗೆದು ಒಳ್ಳೆಯ ಭಾಗ ಉಳಿಸಲು ನಡುವೆ ಕಾಲಾವಕಾಶವಿದೆ. ಹಾಗೆ ಉಳಿದದ್ದು ಚೇತರಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಕೊಟ್ಟದ್ದು 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಅವರ ಪ್ರಯೋಗ. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಮತ್ತು ಸಾಧಾರಣ ಇಲಿಗಳ ದವಡೆ ಹಲ್ಲನ್ನು ಕೊರೆದು ತಿರುಳನ್ನು ತೆರೆದು ಹಾಗೆಯೇ ಬಿಟ್ಟರು. ಫಿಲ್ಲಿಂಗ್ ಇಲ್ಲ, ಔಷಧ ಇಲ್ಲ. ತಿಂದ ಆಹಾರದ ಚೂರು ಸಹ ಗಾಯಕ್ಕೆ ಮೆತ್ತಿಕೊಂಡಿತ್ತು. ಸಾಧಾರಣ ಇಲಿಗಳ ತಿರುಳು ಸತ್ತು ಕೀವಾಯಿತು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ಅಷ್ಟೇ ದೊಡ್ಡ ಗಾಯದ ಮೇಲೆ ತಿರುಳು ತಾನೇ ಹೊಸ ಡೆಂಟಿನ್ನಿನ ಸೇತುವೆ ಕಟ್ಟಿ ಬಾಯಿ ಮುಚ್ಚಿಕೊಂಡಿತು. ತಿರುಳನ್ನು ಕೊಲ್ಲುವುದು ಗಾಯವಲ್ಲ, ಗಾಯಕ್ಕೆ ನುಗ್ಗುವ ಬ್ಯಾಕ್ಟೀರಿಯಾ ಎಂಬುದು ಅಲ್ಲಿಗೆ ಖಚಿತವಾಯಿತು. ತಿರುಳನ್ನು ಉಳಿಸುವ ಈಗಿನ ಎಲ್ಲ ಚಿಕಿತ್ಸೆಗಳ ಬುಡ ಇದೇ: ಸೂಕ್ಷ್ಮಜೀವಿಗಳನ್ನು ಹೊರಗಿಡಿ, ಬಾಗಿಲು ಬಿಗಿಯಾಗಿ ಮುಚ್ಚಿ, ಉಳಿದದ್ದನ್ನು ತಿರುಳಿಗೆ ಬಿಡಿ.

ಮುಚ್ಚುವ ಆಸೆ ಹಳೆಯದೇ. ಬರ್ಲಿನ್ನಿನ ಫಿಲಿಪ್ ಪ್ಫಾಫ್ 1756ರಲ್ಲೇ ತೆರೆದ ತಿರುಳಿನ ಮೇಲೆ ಚಿನ್ನದ ತಗಡು ಕೂರಿಸುವ ಕ್ರಮ ಬರೆದಿದ್ದ. ಆಮೇಲೆ 1836ರಿಂದ ಪಾಷಾಣ ಇಟ್ಟು ತಿರುಳನ್ನು ಸಾಯಿಸುವ ದಾರಿ ಜನಪ್ರಿಯವಾಯಿತು. ‘ನರ ಸಾಯಿಸುವುದು’ ಎಂಬ ಮಾತಿಗೆ ಅಕ್ಷರಶಃ ಅರ್ಥವಿದ್ದ ಕಾಲ ಅದು. 1920ರ ಸುಮಾರಿಗೆ ಜರ್ಮನಿಯ ಹರ್ಮನ್ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ತಂದ. ನಮ್ಮ ಗೋಡೆಗೆ ಬಳಿಯುವ ಸುಣ್ಣವೂ ರಾಸಾಯನಿಕವಾಗಿ ಅದೇ, ಆದರೆ ಹಲ್ಲಿಗೆ ಇಡುವುದು ಶುದ್ಧ ಮಾಡಿದ್ದು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದ ಎಂಟಿಎ ಎಂಬ ಪುಡಿ ಬಂತು. ಇದು ಪೋರ್ಟ್‌ಲ್ಯಾಂಡ್ ಸಿಮೆಂಟಿನ ವಂಶದ್ದು. ಒದ್ದೆಯಲ್ಲೇ ಗಟ್ಟಿಯಾಗುತ್ತದೆ, ತಿರುಳಿಗೆ ತಾಗಿ ಕೂತರೂ ಅದನ್ನು ಕೆಣಕುವುದಿಲ್ಲ, ಸಂದು ಬಿಡದೆ ಮುಚ್ಚುತ್ತದೆ. ರಕ್ತ ಒಸರುವ ಜಾಗದಲ್ಲಿ ಬೇಕಾದ ಗುಣಗಳು ಇವೇ.

ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ವಾದ ಇನ್ನೂ ಸ್ಪಷ್ಟವಾಗುತ್ತದೆ. ಆಳವಾದ ಹುಳುಕಿನ ಮೇಲ್ಪದರ ಒದ್ದೆಯಾಗಿ, ಮೆತ್ತಗೆ, ಚಮಚದಂಥ ಸಲಕರಣೆಗೆ ತಾನಾಗಿ ಎದ್ದುಬರುವಂತಿರುತ್ತದೆ. ಅದರ ಕೆಳಗಿನದು ಹದ ಮಾಡಿದ ತೊಗಲಿನ ಹಾಗೆ, ಎಳೆದರೆ ಸಿಪ್ಪೆಯಂತೆ ಬರುತ್ತದೆ. ಅದರ ಕೆಳಗೆ ಗಟ್ಟಿ ಡೆಂಟಿನ್. ಅಂಚುಗಳಲ್ಲಿ ಗಟ್ಟಿ ಸಿಗುವವರೆಗೆ ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಫಿಲ್ಲಿಂಗ್ ಬಿಗಿಯಾಗಿ ಕೂರುವುದಿಲ್ಲ. ತಿರುಳಿನ ನೆತ್ತಿಯ ಮೇಲೆ ಮಾತ್ರ ಆ ತೊಗಲಿನ ಪದರವನ್ನು ಬಿಟ್ಟು ಮುಚ್ಚಬೇಕು. ಹುಳುಕನ್ನು ಹಲ್ಲಿನೊಳಗೇ ಬಿಡುವುದೇ ಎಂದು ಯಾರಾದರೂ ಬೆಚ್ಚುವುದು ಸಹಜ; ಕಸವನ್ನು ಚಾಪೆಯಡಿ ತಳ್ಳಿದಂತೆ ಇದು ತೋರುತ್ತದೆ. ಈ ಆಕ್ಷೇಪಕ್ಕೆ ಉತ್ತರ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿದೆ. ಅದಕ್ಕೆ ಬಾಯಿಯಿಂದ ಸಕ್ಕರೆ ಬರಬೇಕು. ದಾರಿ ಮುಚ್ಚಿದರೆ ಹಸಿವಿನಿಂದ ಕ್ಷೀಣಿಸುತ್ತದೆ, ಹುಳುಕು ಮುಂದೆ ಸಾಗುವುದಿಲ್ಲ. ಹುಳುಕಿನ ಮೇಲೆಯೇ ಬಿಗಿಯಾಗಿ ಮುಚ್ಚಿದ ಫಿಲ್ಲಿಂಗ್‌ಗಳನ್ನು 10 ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 1998ರಲ್ಲಿ ಇದನ್ನೇ ತೋರಿಸಿತು. 2010ರಲ್ಲಿ ಡೆನ್ಮಾರ್ಕ್-ಸ್ವೀಡನ್ನಿನ ವೈದ್ಯರು ಆಳವಾದ ಹುಳುಕಿನ ಹಲ್ಲುಗಳಲ್ಲಿ ಎರಡು ಕ್ರಮಗಳನ್ನು ಹೋಲಿಸಿದರು. ಒಂದೇ ಸಲ ಪೂರ್ತಿ ಕೆರೆದಾಗ 28.9% ಹಲ್ಲುಗಳಲ್ಲಿ ತಿರುಳು ತೆರೆದುಕೊಂಡಿತು. ಸ್ವಲ್ಪ ಬಿಟ್ಟು, ಮುಚ್ಚಿ, ತಿಂಗಳುಗಳ ಮೇಲೆ ಮತ್ತೆ ತೆರೆದು ಮುಗಿಸಿದಾಗ 17.5%. ಶುಚಿತನದ ಹೆಸರಿನಲ್ಲಿ ವೈದ್ಯನ ಕೈಯೇ ತಿರುಳನ್ನು ಗಾಯ ಮಾಡುವ ಸಂಭವ ಎಷ್ಟೆಂಬುದು ಈ ಅಂಕಿಗಳಲ್ಲಿದೆ. ತಿರುಳಿನ ಮೇಲೆ ಪದರ ಬಿಡುವ ಇದೇ ಸಲಹೆಯನ್ನು ಇಂಗ್ಲೆಂಡಿನ ಜಾನ್ ಟೋಮ್ಸ್ 1859ರಲ್ಲೇ ಕೊಟ್ಟಿದ್ದ. ಅದನ್ನು ಶಾಸ್ತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಬದಿಗಿಟ್ಟಿತ್ತು ಎಂಬುದು ಬೇಸರದ ಸಂಗತಿ.

ಇನ್ನು ತಿರುಳು ತೆರೆದೇಬಿಟ್ಟರೆ? ಬಿಳಿ ಡೆಂಟಿನ್ನಿನ ನಡುವೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಾಣುತ್ತದೆ, ರಕ್ತ ಒಸರುತ್ತದೆ. ಇಲ್ಲಿಂದ ಮುಂದೆ ವೈದ್ಯ ನೋವನ್ನು ಕೇಳುವುದಕ್ಕಿಂತ ರಕ್ತವನ್ನು ಓದಬೇಕು. ಕೆಟ್ಟದ್ದೆಂದು ಕಂಡ ಒಂದೆರಡು ಮಿಲಿಮೀಟರ್ ತಿರುಳನ್ನು ಹಲ್ಲು ಕೊರೆಯುವ ಚೂಪಾದ ಬರ್‌ನಿಂದ ತೆಗೆದು, ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದಿದ ಹತ್ತಿಯುಂಡೆ ಒತ್ತಿ ಹಿಡಿಯುತ್ತಾರೆ. ಐದಾರು ನಿಮಿಷದಲ್ಲಿ ರಕ್ತ ನಿಂತರೆ ಅಲ್ಲಿಂದ ಕೆಳಗಿನ ತಿರುಳು ಆರೋಗ್ಯವಾಗಿದೆ, ಎಂಟಿಎ ಇಟ್ಟು ಮುಚ್ಚಬಹುದು. ನಿಲ್ಲದಿದ್ದರೆ ಇನ್ನಷ್ಟು ಕೆಳಕ್ಕೆ, ಬೇರಿನ ಬಾಯಿಯವರೆಗೆ ಹೋಗಿ ಮತ್ತೆ ನೋಡುತ್ತಾರೆ. ಅಲ್ಲೂ ನಿಲ್ಲದಿದ್ದರೆ ಆಗ ಬೇರಿನೊಳಗಿನ ತಿರುಳನ್ನೂ ಪೂರ್ತಿ ತೆಗೆಯುವ ರೂಟ್ ಕೆನಾಲ್. ಬಿದ್ದು ಮುರಿದ ಮುಂಬಲ್ಲುಗಳಲ್ಲಿ ಹೀಗೆ ಭಾಗಶಃ ತಿರುಳು ತೆಗೆದು ಸುಣ್ಣದ ಔಷಧ ಇಟ್ಟ 60 ಹಲ್ಲುಗಳ ಪೈಕಿ 96% ವಾಸಿಯಾದವೆಂದು ಸ್ಟಾಕ್‌ಹೋಮಿನ ಮಿಯೊಮಿರ್ ಸ್ವೆಕ್ 1978ರಲ್ಲಿ ವರದಿ ಮಾಡಿದರು. ಹುಳುಕಿನಿಂದ ಕೆಟ್ಟ ಹಲ್ಲಿನ ಫಲ ಅಷ್ಟು ಒಳ್ಳೆಯದಿರುವುದಿಲ್ಲ, ಏಕೆಂದರೆ ಅಲ್ಲಿ ಉರಿಯೂತ ಬಹಳ ದಿನದ್ದು. ಆದರೂ ಇರಾನಿನಲ್ಲಿ ತೀವ್ರ ನೋವಿನ 400ಕ್ಕೂ ಹೆಚ್ಚು ದವಡೆ ಹಲ್ಲುಗಳ ಮೇಲೆ ನಡೆದ ಪ್ರಯೋಗದಲ್ಲಿ, ಮೇಲಿನ ತಿರುಳು ಮಾತ್ರ ತೆಗೆದು ಸಿಮೆಂಟ್ ಇಟ್ಟವಕ್ಕೂ ಪೂರ್ತಿ ರೂಟ್ ಕೆನಾಲ್ ಮಾಡಿದವಕ್ಕೂ ಐದು ವರ್ಷದ ನಂತರ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಯುರೋಪಿನ ಎಂಡೊಡಾಂಟಿಕ್, ಅಂದರೆ ತಿರುಳಿನ ಚಿಕಿತ್ಸೆಯ, ತಜ್ಞರ ಸಂಘ 2019ರಲ್ಲಿ, ಅಮೆರಿಕದ್ದು 2021ರಲ್ಲಿ, ಜೀವಂತ ತಿರುಳನ್ನು ಉಳಿಸುವ ಚಿಕಿತ್ಸೆಯ ಪರವಾಗಿ ತಮ್ಮ ನಿಲುವು ಪ್ರಕಟಿಸಿದವು.

ಹೊರಗಿನಿಂದ ತಿರುಳು ಬದುಕಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ, ತಪ್ಪಿದರೆ ರೋಗಿಗೆ ಎರಡು ಸಲದ ಕಷ್ಟ ಎನ್ನುವವರ ಆಕ್ಷೇಪಕ್ಕೆ ತೂಕವಿದೆ. ಕಿತ್ತ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ 2014ರ ಅಧ್ಯಯನವೊಂದರಲ್ಲಿ, ಚೇತರಿಸಿಕೊಳ್ಳದ ಸ್ಥಿತಿ ಎಂದು ವೈದ್ಯರು ಹೇಳಿದ್ದವುಗಳಲ್ಲಿ ಸುಮಾರು 84% ಮಾತ್ರ ನಿಜಕ್ಕೂ ಹಾಗಿದ್ದವು. ಉಳಿದವು ಬದುಕಬಹುದಾಗಿದ್ದವು. ನಿದಾನ ತಪ್ಪುತ್ತದೆ ಎಂಬುದು ನಿಜ, ಅದು ಕೀಳುವ ಪಕ್ಷಕ್ಕೂ ಸಮನಾಗಿ ಅನ್ವಯಿಸುತ್ತದೆ. ಎರಡು ತಪ್ಪುಗಳ ಬೆಲೆ ಮಾತ್ರ ಒಂದೇ ಅಲ್ಲ. ಉಳಿಸಲು ಹೋಗಿ ತಪ್ಪಿದರೆ ರೂಟ್ ಕೆನಾಲ್ ಇನ್ನೂ ಕೈಯಲ್ಲಿದೆ, ಅದೂ ತಪ್ಪಿದರೆ ಕೀಳುವುದಂತೂ ಇದ್ದೇ ಇದೆ. ಕಿತ್ತು ತಪ್ಪಿದರೆ ಹಿಂದಿರುಗುವ ದಾರಿಯಿಲ್ಲ. ಬೇರಿನ ಮಟ್ಟಕ್ಕೆ ಮುರಿದ, ಒಸಡು ಜಾರಿ ಅಲ್ಲಾಡುವ, ಫಿಲ್ಲಿಂಗ್ ನಿಲ್ಲಲು ಗೋಡೆಯೇ ಇಲ್ಲದ ಹಲ್ಲನ್ನು ಕೀಳುವುದೇ ಸರಿ. ತಿರುಳು ಪೂರ್ತಿ ಸತ್ತ ಹಲ್ಲಿಗೆ ರೂಟ್ ಕೆನಾಲ್ ಬಿಟ್ಟು ಬೇರೆ ಉಳಿವಿಲ್ಲ, ಆ ಚಿಕಿತ್ಸೆ ಉಳಿಸಿಕೊಟ್ಟ ಹಲ್ಲುಗಳಿಗೆ ಲೆಕ್ಕವಿಲ್ಲ. ಸಾಯದ ತಿರುಳಿಗೆ ಸತ್ತದ್ದರ ಚಿಕಿತ್ಸೆ ಮಾಡುವುದಕ್ಕಷ್ಟೇ ನನ್ನ ವಿರೋಧ.

ಖರ್ಚಿನ ಆಕ್ಷೇಪ ಇನ್ನೂ ಗಟ್ಟಿ. ಕೀಳಿಸುವುದು ಅಗ್ಗ, ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದೆ. ಉಳಿದದ್ದೆಲ್ಲ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಬಲ್ಲವರ ಮಾತು ಎನ್ನಬಹುದು. ರೂಟ್ ಕೆನಾಲ್‌ಗೆ ಈ ಮಾತು ಸಲ್ಲುತ್ತದೆ. ತಿರುಳು ಉಳಿಸುವ ಚಿಕಿತ್ಸೆಗೆ ಪೂರ್ತಿ ಸಲ್ಲುವುದಿಲ್ಲ. ಹುಳುಕಿನ ಪದರ ಬಿಟ್ಟು ಮುಚ್ಚುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಬೇಕಾದದ್ದು ಒಳ್ಳೆಯ ಫಿಲ್ಲಿಂಗ್, ಎಂಜಲು ತಾಗದ ಹಾಗೆ ಹಲ್ಲನ್ನು ಒಣಗಿಸಿಡುವ ಶ್ರಮ, ಒಂದು ಎಕ್ಸ್‌ರೇ. ಕಿತ್ತ ಹಲ್ಲಿನ ಲೆಕ್ಕವೂ ಕಿತ್ತ ದಿನಕ್ಕೇ ಮುಗಿಯುವುದಿಲ್ಲ. ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ, ಅಗಿಯುವ ಬಲ ಒಂದು ಪಕ್ಕಕ್ಕೆ ಬೀಳುತ್ತದೆ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ‘ದಂತ ಭಾಗ್ಯ’ವನ್ನು ನಮ್ಮ ಸರ್ಕಾರ ತಂದಿತು. ಅದು ಒಳ್ಳೆಯ ಕೆಲಸ. ಹಲ್ಲೆಲ್ಲ ಹೋದ ಮೇಲೆ ಕಟ್ಟಿಸಿಕೊಡಲು ಹಣವಿದೆಯೆಂದರೆ ಒಂದು ಹಲ್ಲಿನ ಬಾಗಿಲು ಕಾಲಕ್ಕೆ ಸರಿಯಾಗಿ ಮುಚ್ಚಲೂ ಹಣ ಹೊಂದಿಸಬಹುದು.

ಈ ಸೀಮೆಯ ನೀರಿನ ಮಾತನ್ನು ಬಿಟ್ಟು ಹಲ್ಲಿನ ಮಾತು ಮುಗಿಯದು. ಮಳೆ ಕಡಿಮೆ, ಬೋರ್‌ವೆಲ್ ಆಳ, ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಎಂದು ನಮ್ಮ ದೇಶದ ಮಾನದಂಡ. ಚಿತ್ರದುರ್ಗ ಜಿಲ್ಲೆಯ ಈ ಮೂಡಣ ಭಾಗದ ಅನೇಕ ಊರುಗಳಲ್ಲಿ ಅಂತರ್ಜಲ ಆ ಮಿತಿ ಮೀರಿದೆ. ಹುಟ್ಟಿನಿಂದ ಎಂಟು ವರ್ಷದೊಳಗೆ, ಎನಾಮಲ್ ರೂಪುಗೊಳ್ಳುವಾಗ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಸುಣ್ಣದ ಗೆರೆ, ಹಳದಿ, ಕಂದು ಕಲೆ. ಇಲ್ಲೂ ಎರಡು ತಪ್ಪು ಓದುಗಳಿವೆ. ಕೆಲವರು ಕಲೆಯನ್ನೇ ಹುಳುಕೆಂದು ತಿಳಿದು ಇಟ್ಟಿಗೆ ಪುಡಿ, ಇದ್ದಿಲಿನಿಂದ ಉಜ್ಜುತ್ತಾರೆ. ಕಲೆ ಎನಾಮಲ್ಲಿನ ಒಳಗಿದೆ, ಉಜ್ಜಿದರೆ ಹೋಗದು, ಎನಾಮಲ್ ಸವೆದು ಡೆಂಟಿನ್ನಿನ ಕೊಳವೆಗಳು ತೆರೆದುಕೊಳ್ಳುತ್ತವೆ. ಇನ್ನು ಕೆಲವರು, ಫ್ಲೋರೈಡ್ ಹಲ್ಲಿಗೆ ಒಳ್ಳೆಯದಲ್ಲವೇ, ಕಲೆಯ ಹಲ್ಲು ಹುಳುಕಾಗದು ಎನ್ನುತ್ತಾರೆ. ಅಲ್ಪ ಪ್ರಮಾಣಕ್ಕೆ ಅದು ನಿಜ. ಆದರೆ ಈ ಕಲೆಯ ರೋಗ, ಅಂದರೆ ಫ್ಲೋರೋಸಿಸ್, ತೀವ್ರವಾದಾಗ ಎನಾಮಲ್ಲಿನ ಒಳಪದರ ಟೊಳ್ಳಾಗಿರುತ್ತದೆ, ಅಗಿಯುವಾಗ ಹೊರಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ, ಆ ಗುಳಿಯಿಂದ ತಿರುಳಿಗೆ ದಾರಿ ಹತ್ತಿರವಾಗುತ್ತದೆ. ಹಾಗಾಗಿ ಈ ತಾಲ್ಲೂಕುಗಳಲ್ಲಿ ತಿರುಳಿನ ರಕ್ಷಣೆ ಶುರುವಾಗುವುದು ನಲ್ಲಿಯಿಂದ. ತುಂಗಭದ್ರೆಯ ಹಿನ್ನೀರನ್ನು ಕುಡಿಯಲು ಈ ಕಡೆಗೆ ತರುವ ಯೋಜನೆಯನ್ನು ಹಲ್ಲಿನ ಚಿಕಿತ್ಸೆಯ ಭಾಗವೆಂದು ಲೆಕ್ಕ ಹಾಕಿದರೂ ತಪ್ಪಿಲ್ಲ.

ಆದರೆ ನನ್ನ ವಾದದ ಅತಿ ಗಟ್ಟಿ ನೆಲೆ ಇರುವುದು ಮಕ್ಕಳ ಬಾಯಲ್ಲಿ. ಹಲ್ಲು ಒಸಡಿನಿಂದ ಹೊರಬಂದಾಗ ಅದರ ಬೇರು ಪೂರ್ತಿಯಾಗಿರುವುದಿಲ್ಲ. ತುದಿ ಅಗಲವಾಗಿ ತೆರೆದಿರುತ್ತದೆ, ಗೋಡೆ ತೆಳ್ಳಗಿರುತ್ತದೆ, ಮುಚ್ಚಿಕೊಳ್ಳಲು ಇನ್ನೂ ಸುಮಾರು ಮೂರು ವರ್ಷ ಬೇಕು. ಆ ಬೇರನ್ನು ಉದ್ದ ಮಾಡಿ ದಪ್ಪ ಮಾಡುವುದು ತಿರುಳಿನ ಕೋಶಗಳೇ. ನಡುವೆ ತಿರುಳು ಸತ್ತರೆ ಬೇರು ಅಲ್ಲಿಗೇ ನಿಲ್ಲುತ್ತದೆ, ಗಿಡ್ಡವಾಗಿ, ತೆಳ್ಳಗೆ. ಸಣ್ಣ ಪೆಟ್ಟಿಗೂ ಮುರಿಯುವಂತೆ. ದೊಡ್ಡವರಿಗೆ ಹೊಂದುವ ರೂಟ್ ಕೆನಾಲ್ ಅಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಅದೇ ಮಗುವಿನ ತಿರುಳಿಗೆ ರಕ್ತದ ಹರಿವು ಹೆಚ್ಚು, ಚೇತರಿಸಿಕೊಳ್ಳುವ ಶಕ್ತಿಯೂ ಹೆಚ್ಚು. ಅಂದರೆ ಯಾವ ವಯಸ್ಸಿನಲ್ಲಿ ತಿರುಳು ಉಳಿಯುವ ಸಾಧ್ಯತೆ ಅತಿ ಹೆಚ್ಚೋ ಆ ವಯಸ್ಸಿನಲ್ಲೇ ಅದು ಹೋದರೆ ನಷ್ಟವೂ ಅತಿ ಹೆಚ್ಚು. ಬಿದ್ದು ಮುಂಬಲ್ಲು ಮುರಿದು ಕೆಂಪು ಚುಕ್ಕೆ ಕಂಡರೆ ಅಂದೇ, ತಪ್ಪಿದರೆ ಮಾರನೇ ದಿನ ತೋರಿಸಬೇಕು. ಶಾಶ್ವತ ಹಲ್ಲು ಬುಡಸಮೇತ ಕಳಚಿ ಬಂದರೆ ಬೇರು ಮುಟ್ಟದೆ ಹಿಡಿದು, ತೊಳೆದು, ಅದೇ ಜಾಗದಲ್ಲಿ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ವೈದ್ಯರನ್ನು ಮುಟ್ಟಬೇಕು. ದನ-ಕುರಿಗಳ ಈ ಸೀಮೆಯಲ್ಲಿ ಹಾಲಿಗೆ ಬರವಿಲ್ಲ. ಹಾಲುಹಲ್ಲಾದರೆ ಮತ್ತೆ ಕೂರಿಸುವಂತಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಶಾಲೆ, ಅಂಗನವಾಡಿಗಳಿಗೆ ಬರುತ್ತಿವೆ, ಅವರ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಅವರು ಮೊದಲು ನೋಡಬೇಕಾದ ಹಲ್ಲು ಒಂದಿದೆ. ಆರನೇ ವರ್ಷದ ಆಸುಪಾಸಿನಲ್ಲಿ, ಯಾವ ಹಾಲುಹಲ್ಲನ್ನೂ ಬೀಳಿಸದೆ, ಹಾಲುದವಡೆಗಳ ಹಿಂದೆ ಸದ್ದಿಲ್ಲದೆ ಮೂಡುವ ಮೊದಲ ಶಾಶ್ವತ ದವಡೆ ಹಲ್ಲು. ಏನೂ ಬೀಳದೆ ಬಂದದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ, ಹುಳುಕಾದರೆ ಹೇಗೂ ಬಿದ್ದು ಹೊಸದು ಬರುತ್ತದೆಂದು ಬಿಟ್ಟುಬಿಡುತ್ತಾರೆ. ಅದು ಬಿದ್ದರೆ ಬೇರೆ ಬರುವುದಿಲ್ಲ. ಎರಡನೇ ತರಗತಿಯ ಮಗುವಿನ ಬಾಯಿ ತೆರೆಸಿ ನೋಡಿದಾಗ ಕೆಳದವಡೆಯ ಕೊನೆಯ ಹಲ್ಲಿನ ನಡುಗೆರೆಯಲ್ಲಿ ಕಪ್ಪು ಕುಳಿ ಕಂಡರೆ, ಅದರ ಬೇರಿನ ತುದಿ ಇನ್ನೂ ತೆರೆದೇ ಇದೆ, ತಿರುಳಿಗೆ ಅಲ್ಲಿ ಇನ್ನೂ ಎರಡು ಮೂರು ವರ್ಷದ ಕೆಲಸ ಬಾಕಿಯಿದೆ.